ಅಂಟಾರ್ಕ್ಟಿಕಾದಲ್ಲೂ ಗಂಗೋತ್ರಿ ಇದೆಯಾ? ಧ್ರುವದ ಹಿಮನದಿಗಳ ನಕ್ಷೆ ಬರೆದವರು ಯಾರು, ಹೆಸರಿಟ್ಟವರು ಯಾರು?

ಫ್ಯಾಮಿಲಿ ಗ್ರೂಪಿಗೆ ಶುಭೋದಯದ ಹೂವಿನ ಜೊತೆ ಬರುವ ಮೆಸೇಜುಗಳಲ್ಲಿ ಈಗ ಹಿಮಖಂಡಕ್ಕೂ ಒಂದು ಜಾಗ ಸಿಕ್ಕಿದೆ. ‘ದಕ್ಷಿಣ ಧ್ರುವದಲ್ಲೂ ಗಂಗೋತ್ರಿ ಇದೆ, ಗಂಗೆ ಅಲ್ಲೂ ಹುಟ್ಟುತ್ತಾಳೆ’ ಎನ್ನುವುದು ಒಂದು. ‘500 ವರ್ಷ ಹಳೆಯ ನಕ್ಷೆಯಲ್ಲಿ ಹಿಮವೇ ಇಲ್ಲದ ಅಂಟಾರ್ಕ್ಟಿಕಾ ಇದೆ, ವಿಜ್ಞಾನಿಗಳು ಮುಚ್ಚಿಟ್ಟಿದ್ದಾರೆ’ ಎನ್ನುವುದು ಇನ್ನೊಂದು. ‘ಪ್ರಳಯದ ಹಿಮನದಿ ಒಡೆಯಿತು, ಇನ್ನು ಕೆಲವೇ ದಿನ’ ಎನ್ನುವುದು ಮೂರನೆಯದು. ಮೂರರಲ್ಲೂ ಎಳ್ಳಷ್ಟು ನಿಜ ಇದೆ, ಬೆಟ್ಟದಷ್ಟು ಕಲಬೆರಕೆ ಇದೆ. ಎಳ್ಳನ್ನು ಬೇರೆ ಮಾಡಬೇಕಾದರೆ ಆ ಹಿಮನದಿಗಳ ನಕ್ಷೆ ಹೇಗೆ ತಯಾರಾಯಿತು, ಹೆಸರು ಎಲ್ಲಿಂದ ಬಂತು ಎಂದು ನೋಡಬೇಕು. ಈ ಬರಹದಲ್ಲಿ ನಾವು ಮಾಡುವುದು ಅದನ್ನೇ.

ಚುಟುಕಾಗಿ ಹೇಳುವುದಾದರೆ

• ಅಂಟಾರ್ಕ್ಟಿಕಾದಲ್ಲಿ ‘ದಕ್ಷಿಣ ಗಂಗೋತ್ರಿ’ ಎಂಬ ಹಿಮನದಿ ನಿಜವಾಗಿಯೂ ಇದೆ. ಹೆಸರಿಟ್ಟದ್ದು ಭಾರತ. ಗಂಗಾ ನದಿಗೂ ಅದಕ್ಕೂ ನೀರಿನ ನಂಟಿಲ್ಲ.
• ಅಂಟಾರ್ಕ್ಟಿಕಾದಲ್ಲಿ ಊರುಗಳಿರಲಿಲ್ಲ. ಅಲ್ಲಿನ ಹೆಸರುಗಳೆಲ್ಲ ಹೊರಗಿನಿಂದ ಹೋದವರು ಇಟ್ಟವು. ಗ್ರೀನ್‌ಲ್ಯಾಂಡಿನ ಕಥೆ ಬೇರೆ.
• ಹೆಸರಿಟ್ಟ ಮಾತ್ರಕ್ಕೆ ಆ ಜಾಗ ಯಾರ ಆಸ್ತಿಯೂ ಆಗುವುದಿಲ್ಲ.
• ದುಡ್ಡು ಕೊಟ್ಟು ನಿಮ್ಮ ಹೆಸರಿನಲ್ಲಿ ಹಿಮನದಿ ಕೊಳ್ಳಲು ಆಗುವುದಿಲ್ಲ.
• ಹೆಸರು ಮತ್ತು ನಕ್ಷೆ ಇರುವುದರಿಂದಲೇ ಯಾವ ಹಿಮನದಿ ಎಷ್ಟು ಕರಗಿತು ಎಂದು ಲೆಕ್ಕ ಇಡಲು ಸಾಧ್ಯ.

ಹಿಮನದಿ ಎಂದರೆ ಹರಿಯುವ ಹಿಮ

ವರ್ಷಾನುಗಟ್ಟಲೆ ಬಿದ್ದ ಹಿಮ ಒಂದರ ಮೇಲೊಂದು ಕೂತು, ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಅದರ ದಪ್ಪ ಒಂದು ಮಟ್ಟ ಮೀರಿದರೆ ಇಳಿಜಾರಿನ ಕಡೆಗೆ ನಿಧಾನವಾಗಿ ಜರುಗಲು ಶುರುವಾಗುತ್ತದೆ. ಹೀಗೆ ಜರುಗುವ ಮಂಜುಗಡ್ಡೆಯೇ ಹಿಮನದಿ. ಬೆಟ್ಟದ ಹಿಮನದಿ ದಿನಕ್ಕೆ ಕೆಲವೇ ಸೆಂಟಿಮೀಟರ್ ಸರಿಯಬಹುದು. ಗ್ರೀನ್‌ಲ್ಯಾಂಡಿನ ಒಂದು ಹಿಮನದಿ 2012ರ ಬೇಸಿಗೆಯಲ್ಲಿ ಒಂದೇ ದಿನಕ್ಕೆ 40 ಮೀಟರಿಗೂ ಹೆಚ್ಚು ಸರಿದದ್ದು ದಾಖಲಾಗಿದೆ.

ಅಂಟಾರ್ಕ್ಟಿಕಾದಲ್ಲಿ ಇಂಥ ಹಿಮ ಹೊದ್ದ ಜಾಗ ಸುಮಾರು 1.4 ಕೋಟಿ ಚದರ ಕಿಲೋಮೀಟರ್. ನಮ್ಮ ದೇಶದಂಥ ನಾಲ್ಕು ದೇಶ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಸರಾಸರಿ ದಪ್ಪ ಎರಡು ಕಿಲೋಮೀಟರಿನ ಹತ್ತಿರ. ಹೊರಗಿನಿಂದ ನೋಡಿದರೆ ಎಲ್ಲ ಕಡೆ ಒಂದೇ ಬಿಳಿ. ಆ ಬಿಳಿಯೊಳಗೆ ಯಾವುದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯುವುದೇ ನಕ್ಷೆಯವರ ಮುಂದಿದ್ದ ಸಮಸ್ಯೆ.

ಊರವರು ಇಟ್ಟ ಹೆಸರು, ಹೊರಗಿನವರು ಇಟ್ಟ ಹೆಸರು

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಊರನ್ನೇ ತೆಗೆದುಕೊಳ್ಳಿ. ಶಾಲೆಯಲ್ಲಿ ಕಲಿತ ಆದೇಶ ಸಂಧಿ ಇಲ್ಲಿದೆ: ಕಿರು ಮತ್ತು ಕಾವಲು ಸೇರಿ ಕಿರುಗಾವಲು. ಕಿರು ಎಂದರೆ ಚಿಕ್ಕದು. ಕಾವಲು ಎಂದರೆ ಪಹರೆ. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ದನ ಮೇಯುವ ಬಯಲಿಗೂ ಅದೇ ಮಾತು. ಹುಲ್ಲುಗಾವಲು ಎನ್ನುವಾಗ ನಾವು ಬಳಸುವುದೂ ಅದನ್ನೇ. ಯಾವ ಅರ್ಥ ಹಿಡಿದರೂ ಒಂದು ಮಾತು ಸ್ಪಷ್ಟ. ಆ ನೆಲದ ಮೇಲೆ ಓಡಾಡಿದವರು, ಆ ನೆಲದ ಉಪಯೋಗ ಗೊತ್ತಿದ್ದವರು ಕೊಟ್ಟ ಹೆಸರು ಅದು.

ಜನವಸತಿ ಇರುವ ಕಡೆ ಹಿಮನದಿಗಳ ಹೆಸರೂ ಹೀಗೇ ಹುಟ್ಟಿದೆ. ಹಿಮಾಚಲ ಪ್ರದೇಶದ ಲಾಹೌಲ್ ಕಡೆ ಹಿಮನದಿಗೆ ಶಿಗ್ರಿ ಎನ್ನುತ್ತಾರೆ. ದೊಡ್ಡದು ಬಡಾ ಶಿಗ್ರಿ, ಚಿಕ್ಕದು ಛೋಟಾ ಶಿಗ್ರಿ. ನಮ್ಮ ‘ಕಿರು’ ಮಾಡುವ ಕೆಲಸವನ್ನೇ ಅಲ್ಲಿ ‘ಛೋಟಾ’ ಮಾಡುತ್ತದೆ. ಕಾರಾಕೋರಂ ಸೀಮೆಯ ಸಿಯಾಚಿನ್ ಸುಮಾರು 76 ಕಿಲೋಮೀಟರ್ ಉದ್ದದ ಹಿಮನದಿ. ಬಾಲ್ಟಿ ಭಾಷೆಯಲ್ಲಿ ಆ ಹೆಸರಿಗೆ ಕಾಡುಗುಲಾಬಿ ಹೇರಳವಾಗಿರುವ ಜಾಗ ಎಂಬ ಅರ್ಥ. ಹೆಸರು ಬಂದದ್ದು ಕಣಿವೆಯಲ್ಲಿ ಬೆಳೆಯುವ ಗಿಡದಿಂದ.

ಉತ್ತರ ಧ್ರುವದ ಹತ್ತಿರವಿರುವ ಗ್ರೀನ್‌ಲ್ಯಾಂಡಿನಲ್ಲಿ ಇನ್ಯೂಯಿಟ್ ಜನ ತಲತಲಾಂತರದಿಂದ ಬದುಕಿದ್ದಾರೆ. ದಿನಕ್ಕೆ 40 ಮೀಟರ್ ಸರಿದ ಹಿಮನದಿ ಎಂದೆವಲ್ಲ, ಅದರ ಹೆಸರು ಸೆರ್ಮೆಕ್ ಕುಯಲ್ಲೆಕ್. ಅವರ ಮಾತಿನಲ್ಲಿ ‘ದಕ್ಷಿಣದ ಹಿಮನದಿ’ ಎಂದರ್ಥ. ಅದರ ಪಕ್ಕದ ಪಟ್ಟಣ ಇಲುಲಿಸ್ಸಾಟ್, ಎಂದರೆ ತೇಲುವ ಹಿಮಗಡ್ಡೆಗಳು. ಡೆನ್ಮಾರ್ಕಿನವರು ಆ ಪಟ್ಟಣಕ್ಕೆ ಯಾಕೋಬ್ಸ್‌ಹಾವ್ನ್ ಎಂದು ಹೆಸರಿಟ್ಟಿದ್ದರಿಂದ ಹಿಮನದಿಯೂ ಹೊರಜಗತ್ತಿನ ನಕ್ಷೆಗಳಲ್ಲಿ ಬಹಳ ಕಾಲ ಅದೇ ಹೆಸರಿನಲ್ಲಿತ್ತು. ಈಗ ಊರವರ ಹೆಸರೇ ಅಧಿಕೃತ.

ಅಂಟಾರ್ಕ್ಟಿಕಾದಲ್ಲಿ ಹೀಗೆ ಕೇಳಲು ಊರವರೇ ಇರಲಿಲ್ಲ. ಮನುಷ್ಯರ ಕಣ್ಣಿಗೆ ಆ ಖಂಡ ಬಿದ್ದದ್ದೇ 1820ರಲ್ಲಿ, ಹಡಗಿನಿಂದ. ಆಮೇಲೆ ಹೋದವರು ತಮಗೆ ತೋಚಿದ ಹೆಸರಿಟ್ಟರು. ರಾಜ, ರಾಣಿ, ಹೆಂಡತಿ, ಹಡಗು, ಹಣ ಕೊಟ್ಟ ಸಾಹುಕಾರ, ಎಲ್ಲರೂ ನಕ್ಷೆಯ ಮೇಲೆ ಬಂದರು. 1908ರಲ್ಲಿ ದಕ್ಷಿಣ ಧ್ರುವದ ಕಡೆ ಹೊರಟ ಅರ್ನೆಸ್ಟ್ ಶ್ಯಾಕಲ್ಟನ್, ದಾರಿಯಲ್ಲಿ ಸಿಕ್ಕ ಭಾರಿ ಹಿಮನದಿಗೆ ಬಿಯರ್ಡ್‌ಮೋರ್ ಎಂದು ಹೆಸರಿಟ್ಟರು. ಬಿಯರ್ಡ್‌ಮೋರ್ ಆ ಯಾತ್ರೆಗೆ ಹಣ ಒದಗಿಸಿದ ಸ್ಕಾಟ್ಲೆಂಡಿನ ಉದ್ಯಮಿ. ‘ಪೈನ್ ಐಲ್ಯಾಂಡ್’ ಎಂಬ ಹಿಮನದಿಯ ಹೆಸರು ಕೇಳಿ ಅಲ್ಲಿ ಪೈನ್ ಮರದ ದ್ವೀಪ ಇದೆ ಎಂದುಕೊಂಡರೆ ಮೋಸಹೋದಂತೆ. ಅಮೆರಿಕದ ನೌಕಾಪಡೆಯ ಒಂದು ಹಡಗಿನ ಹೆಸರನ್ನು ಕೊಲ್ಲಿಗೆ ಇಟ್ಟರು, ಕೊಲ್ಲಿಯ ಹೆಸರು ಹಿಮನದಿಗೆ ಬಂತು. ಅಲ್ಲಿ ಮರವೂ ಇಲ್ಲ, ಗಿಡವೂ ಇಲ್ಲ.

ಅಳತೆಯ ವಿದ್ಯೆ: ನಮ್ಮ ಸೀಮೆಯಿಂದ ಹಿಮದವರೆಗೆ

ಹೆಸರಿಡುವುದು ಸುಲಭ. ಹೆಸರಿಟ್ಟ ಜಾಗ ಎಲ್ಲಿದೆ ಎಂದು ಕರಾರುವಾಕ್ಕಾಗಿ ಹೇಳುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲೇ ಒಂದು ಕೊಂಡಿ ಸಿಗುತ್ತದೆ.

1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಬ್ರಿಟಿಷ್ ಸೈನ್ಯಕ್ಕೂ ಕಾಳಗ ನಡೆಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ, ಗೆದ್ದ ನಾಡನ್ನು ಸರಿಯಾಗಿ ಅಳೆಯಬೇಕು ಎಂದು ಯೋಜನೆ ಮುಂದಿಟ್ಟರು. 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ, ಏಳು ಮೈಲಿಗೂ ಉದ್ದದ ಒಂದು ನೇರ ಗೆರೆಯನ್ನು ಅಳೆದರು. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದು. ಮುಂದೆ ಇದೇ ಕೆಲಸ ಇಡೀ ದೇಶವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೆಯಾಗಿ ಬೆಳೆಯಿತು.

ವಿಧಾನ ಸರಳ. ಒಂದು ಗೆರೆಯ ಉದ್ದ ಪಕ್ಕಾ ಗೊತ್ತಿದೆ ಎಂದಿಟ್ಟುಕೊಳ್ಳಿ. ಅದರ ಎರಡು ತುದಿಯಿಂದಲೂ ದೂರದ ಒಂದು ಬೆಟ್ಟದ ತುದಿಯನ್ನು ನೋಡಿ, ಕೋನ ಅಳೆಯಿರಿ. ತ್ರಿಕೋನದ ಒಂದು ಬದಿ, ಎರಡು ಕೋನ ಸಿಕ್ಕಿದರೆ ಉಳಿದ ಎರಡು ಬದಿ ಲೆಕ್ಕದಲ್ಲೇ ಬರುತ್ತವೆ. ಬೆಟ್ಟ ಹತ್ತಬೇಕಾಗಿಲ್ಲ, ಸರಪಳಿ ಎಳೆಯಬೇಕಾಗಿಲ್ಲ. ಆ ತ್ರಿಕೋನದ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ದಕ್ಷಿಣದಿಂದ ಹೊರಟ ತ್ರಿಕೋನಗಳ ಸಾಲು ಹಿಮಾಲಯದ ಬುಡ ಮುಟ್ಟಿತು.

‘ಪೀಕ್ 15’ ಎಂಬ ಬರೀ ಸಂಖ್ಯೆಯಲ್ಲಿದ್ದ ಶಿಖರ ಜಗತ್ತಿನಲ್ಲೇ ಎತ್ತರದ್ದು ಎಂದು 1856ರಲ್ಲಿ ಪ್ರಕಟವಾದದ್ದು ಈ ಲೆಕ್ಕದಿಂದ. ಅದಕ್ಕೆ ಹಿಂದಿನ ಸರ್ವೇಯರ್ ಜನರಲ್ ಜಾರ್ಜ್ ಎವರೆಸ್ಟ್ ಅವರ ಹೆಸರಿಡುವ ಪ್ರಸ್ತಾಪ ಬಂದಾಗ ಸ್ವತಃ ಎವರೆಸ್ಟ್ ಒಪ್ಪಿರಲಿಲ್ಲ. ಈ ದೇಶದ ಜನರ ನಾಲಿಗೆಗೆ ನನ್ನ ಹೆಸರು ಹೊರಳುವುದಿಲ್ಲ ಎನ್ನುವುದು ಅವರ ತಕರಾರು. ಟಿಬೆಟಿನವರು ಆ ಶಿಖರವನ್ನು ಮೊದಲಿನಿಂದಲೂ ಚೋಮೊಲುಂಗ್ಮಾ ಎಂದು ಕರೆಯುತ್ತಿದ್ದರು. ಆದರೂ 1865ರಲ್ಲಿ ಎವರೆಸ್ಟ್ ಹೆಸರೇ ಗಟ್ಟಿಯಾಯಿತು. ಕಾರಾಕೋರಮ್ಮಿನ ‘ಕೆ-2’ ಕೂಡ ಸರ್ವೆ ಪುಸ್ತಕದ ಗುರುತಿನ ಸಂಖ್ಯೆ. ಅದು ಹಾಗೇ ಉಳಿಯಿತು. 1861ರಲ್ಲಿ ಬಾಲ್ಟೋರೊ ಹಿಮನದಿಯ ನಕ್ಷೆ ಬರೆದ ಸರ್ವೇಯರ್ ಗಾಡ್ವಿನ್-ಆಸ್ಟೆನ್ ಅವರ ಹೆಸರು ಈಗ ಕೆ-2 ಬುಡದ ಹಿಮನದಿಗೆ ಇದೆ.

ವಿಮಾನ ಬಂತು, ನೆಲದ ಗುರುತು ಇರಲಿಲ್ಲ

ಅಂಟಾರ್ಕ್ಟಿಕಾದಲ್ಲಿ ಸರಪಳಿ ಹಿಡಿದು ನಡೆಯುವುದು ಆಗದ ಮಾತು. ಅಲ್ಲಿ ನಕ್ಷೆಯ ಕೆಲಸ ವೇಗ ಪಡೆದದ್ದು ವಿಮಾನ ಬಂದ ಮೇಲೆ.

1939ರ ಜನವರಿ, ಫೆಬ್ರುವರಿಯಲ್ಲಿ ಜರ್ಮನಿಯ ಒಂದು ತಂಡ ‘ಶ್ವಾಬೆನ್‌ಲಾಂಡ್’ ಹಡಗಿನಿಂದ ಎರಡು ವಿಮಾನ ಹಾರಿಸಿ 11 ಸಾವಿರಕ್ಕೂ ಹೆಚ್ಚು ಫೋಟೊ ತೆಗೆಯಿತು. ಸುತ್ತ ಹಿಮ, ನಡುವೆ ಬರೀ ಬಂಡೆ ಮತ್ತು ಸರೋವರಗಳಿರುವ ಒಂದು ಪಟ್ಟಿ ಅವರ ಕಣ್ಣಿಗೆ ಬಿತ್ತು. ಅದನ್ನು ಕಂಡ ಪೈಲಟ್ ಶಿರ್ಮಾಕರ್ ಅವರ ಹೆಸರನ್ನೇ ಅದಕ್ಕೆ ಇಟ್ಟರು: ಶಿರ್ಮಾಕರ್ ಓಯಸಿಸ್. ಆದರೆ ಆ ಚಿತ್ರಗಳಿಂದ ಒಳ್ಳೆಯ ನಕ್ಷೆ ಹುಟ್ಟಲಿಲ್ಲ. ಚಿತ್ರದಲ್ಲಿ ಕಾಣುವ ಬಂಡೆ ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ ಎಂದು ಹೇಳಲು ನೆಲದ ಮೇಲೆ ಅಳೆದ ಒಂದೆರಡಾದರೂ ಗುರುತು ಬೇಕು. ಅದು ಇರಲಿಲ್ಲ. ಹೊಲದ ಫೋಟೊ ಇದೆ, ಆದರೆ ಒಂದು ಕಡೆಯೂ ಸರ್ವೆ ಕಲ್ಲಿಲ್ಲ ಎಂದರೆ ಗಡಿ ಹೇಗೆ ಹೇಳುತ್ತೀರಿ? ಹಾಗೇ ಇದು.

ಇದೇ ತೊಂದರೆ ಅಮೆರಿಕದವರಿಗೂ ಆಯಿತು. 1946-47ರಲ್ಲಿ ‘ಆಪರೇಷನ್ ಹೈಜಂಪ್’ ಹೆಸರಿನಲ್ಲಿ 13 ಹಡಗು, 4 ಸಾವಿರಕ್ಕೂ ಹೆಚ್ಚು ಜನ ಹೋಗಿ ಸುಮಾರು 70 ಸಾವಿರ ಚಿತ್ರ ತೆಗೆದರು. ನೆಲದ ಗುರುತುಗಳನ್ನು ಅಳೆಯಲೆಂದೇ ಮರುವರ್ಷ ಇನ್ನೊಂದು ತಂಡವನ್ನು ಕಳಿಸಬೇಕಾಯಿತು.

ಹೈಜಂಪ್ ಚಿತ್ರಗಳನ್ನು ಮುಂದಿಟ್ಟುಕೊಂಡು 1952ರಲ್ಲಿ ಜಾನ್ ರಾಸ್ಕೊ ಎಂಬ ಭೂಗೋಳತಜ್ಞ ಒಂದು ಭಾರಿ ಹಿಮನದಿಯ ಗೆರೆ ಗುರುತಿಸಿದರು. ಫೋಟೊ ತೆಗೆದ ವಿಮಾನ ತಂಡದ ಸಂಕೇತನಾಮದ ಮೇಲೆ ಅದಕ್ಕೆ ‘ಬೇಕರ್ ಥ್ರೀ’ ಎಂದು ಹೆಸರಿಟ್ಟರು. ಆ ಹೆಸರು ನಕ್ಷೆಗಳಲ್ಲಿ ನಿಲ್ಲಲಿಲ್ಲ. ಆಸ್ಟ್ರೇಲಿಯಾದವರು ಅದೇ ಪ್ರದೇಶದ ನಕ್ಷೆ ಮಾಡಿದ ಮೇಲೆ 1957ರಲ್ಲಿ, ಅಲ್ಲಿನ ರಾಷ್ಟ್ರೀಯ ನಕ್ಷಾ ಇಲಾಖೆಯ ನಿರ್ದೇಶಕ ಬ್ರೂಸ್ ಲ್ಯಾಂಬರ್ಟ್ ಅವರ ಹೆಸರು ಬಂತು. ಸುಮಾರು 400 ಕಿಲೋಮೀಟರ್ ಉದ್ದದ ಲ್ಯಾಂಬರ್ಟ್ ಹಿಮನದಿ ಜಗತ್ತಿನ ಅತಿ ದೊಡ್ಡ ಹಿಮನದಿಗಳಲ್ಲೊಂದು. ಅದು ಇಳಿದು ಸೇರುವ ಪ್ರಿಡ್ಜ್ ಕೊಲ್ಲಿಯ ದಡದಲ್ಲೇ, ಲಾರ್ಸ್‌ಮನ್ ಬೆಟ್ಟಗಳಲ್ಲಿ, 2012ರಿಂದ ನಮ್ಮ ದೇಶದ ‘ಭಾರತಿ’ ಕೇಂದ್ರ ಕೆಲಸ ಮಾಡುತ್ತಿದೆ.

ಹಾಗಾದರೆ ಅಲ್ಲಿ ಗಂಗೋತ್ರಿ ಬಂದದ್ದು ಹೇಗೆ?

ಭಾರತದ ಮೊದಲ ಅಂಟಾರ್ಕ್ಟಿಕಾ ಯಾತ್ರೆ 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟಿತು. ಎಸ್.ಝಡ್. ಖಾಸಿಂ ನೇತೃತ್ವದ 21 ಜನರ ತಂಡ 1982ರ ಜನವರಿ 9ರಂದು ಅಲ್ಲಿ ಕಾಲಿಟ್ಟಿತು. ಮರುವರ್ಷಗಳಲ್ಲಿ ಕಟ್ಟಿದ ಮೊದಲ ಕೇಂದ್ರದ ಹೆಸರೇ ದಕ್ಷಿಣ ಗಂಗೋತ್ರಿ. ಸಮುದ್ರದ ಮೇಲೆ ಚಾಚಿಕೊಂಡ ಹಿಮದ ಚಪ್ಪಡಿಯ ಮೇಲೆ ಅದನ್ನು ಕಟ್ಟಿದ್ದರಿಂದ ವರ್ಷ ಕಳೆದಂತೆ ಹಿಮದಲ್ಲಿ ಹೂತುಹೋಯಿತು. 1990ರಲ್ಲಿ ಅದನ್ನು ಕೈಬಿಡಲಾಯಿತು. ಅಷ್ಟರಲ್ಲಿ ಗಟ್ಟಿ ಬಂಡೆಯ ಮೇಲೆ ‘ಮೈತ್ರಿ’ ಕೇಂದ್ರ ಎದ್ದು ನಿಂತಿತ್ತು. ಜಾಗ ಯಾವುದು ಗೊತ್ತೇ? ಜರ್ಮನ್ ಪೈಲಟ್ ಕಂಡ ಅದೇ ಶಿರ್ಮಾಕರ್ ಓಯಸಿಸ್. ಮೈತ್ರಿಯ ಎದುರಿನ ಸರೋವರಕ್ಕೆ ಪ್ರಿಯದರ್ಶಿನಿ ಎಂದು ಹೆಸರು.

ಆ ಓಯಸಿಸ್‌ಗೆ ನಾಲಿಗೆಯಂತೆ ಇಳಿದುಬರುವ ಒಂದು ಹಿಮನದಿಯೇ ದಕ್ಷಿಣ ಗಂಗೋತ್ರಿ ಹಿಮನದಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 1983ರಿಂದ ಅದರ ಮೂತಿ, ಅಂದರೆ ಹಿಮ ಮುಗಿಯುವ ತುದಿ, ಎಲ್ಲಿದೆ ಎಂದು ಗುರುತಿಡುತ್ತ ಬಂದಿದ್ದಾರೆ. ತುದಿ ನಿಧಾನವಾಗಿ ಹಿಂದೆ ಸರಿಯುತ್ತಿದೆ ಎನ್ನುವುದು ಆ ಅಳತೆಯಿಂದ ಗೊತ್ತಾದದ್ದು. ಈ ದಾಖಲೆಯ ಬೆಲೆ ನೋಡಿ 2005ರಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ದೇಶಗಳು ಅದನ್ನು ವಿಶೇಷ ಸಂರಕ್ಷಿತ ಪ್ರದೇಶ ಸಂಖ್ಯೆ 163 ಎಂದು ಘೋಷಿಸಿದವು. ಅನುಮತಿ ಪತ್ರವಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ.

ಗಂಗೆಯ ಮೂಲಧಾರೆ ಭಾಗೀರಥಿ ಹೊರಡುವುದು ಉತ್ತರಾಖಂಡದ ಗಂಗೋತ್ರಿ ಹಿಮನದಿಯ ಗೋಮುಖದಿಂದ. ಅಲ್ಲಿಗೂ ಮೈತ್ರಿಗೂ ನಡುವೆ ಇಡೀ ಹಿಂದೂ ಮಹಾಸಾಗರ ಇದೆ. ಹೆಸರು ಅಭಿಮಾನದಿಂದ ಇಟ್ಟದ್ದು. ಮಗುವಿಗೆ ಕಾವೇರಿ ಎಂದು ಹೆಸರಿಟ್ಟರೆ ಅವಳು ತಲಕಾವೇರಿಯಲ್ಲಿ ಹುಟ್ಟಿರಬೇಕೆಂದೇನೂ ಇಲ್ಲವಲ್ಲ.

ಹಿಮದ ಅಡಿಯ ನಕ್ಷೆ

ಮೇಲಿನಿಂದ ತೆಗೆದ ಚಿತ್ರ ಮೇಲ್ಮೈಯನ್ನು ಮಾತ್ರ ತೋರಿಸುತ್ತದೆ. ಕೆಳಗೆ ಎಷ್ಟು ಹಿಮ ಇದೆ, ಅದರ ಅಡಿಯಲ್ಲಿ ಬೆಟ್ಟವೋ ಕಣಿವೆಯೋ? ಇದರ ಉತ್ತರಕ್ಕೆ ದಾರಿ ತೋರಿಸಿದ್ದು ಒಂದು ಉಪಕರಣದ ಎಡವಟ್ಟು. ವಿಮಾನದ ಎತ್ತರ ಅಳೆಯುವ ರೇಡಿಯೊ ಸಾಧನ ಹಿಮದ ಮೇಲೆ ಹಾರುವಾಗ ತಪ್ಪು ಎತ್ತರ ತೋರಿಸುತ್ತಿತ್ತು. ಕಾರಣ, ರೇಡಿಯೊ ಅಲೆ ಹಿಮದೊಳಗೆ ಇಳಿದು ಕೆಳಗಿನ ಬಂಡೆಗೆ ಬಡಿದು ವಾಪಸ್ ಬರುತ್ತಿತ್ತು. ವಿಜ್ಞಾನಿಗಳು ಇದನ್ನೇ ಅಳತೆಯ ವಿಧಾನವಾಗಿ ಮಾಡಿಕೊಂಡರು. ಅಲೆ ಹೋಗಿ ಬರಲು ತೆಗೆದುಕೊಂಡ ಸಮಯದಿಂದ ಹಿಮದ ದಪ್ಪ ಲೆಕ್ಕ ಹಾಕಿದರು. 2019ರಲ್ಲಿ ಪ್ರಕಟವಾದ ಇಂಥ ಒಂದು ನಕ್ಷೆಯಲ್ಲಿ, ಡೆನ್‌ಮನ್ ಹಿಮನದಿಯ ಕೆಳಗೆ ಸಮುದ್ರಮಟ್ಟಕ್ಕಿಂತ ಸುಮಾರು 3,500 ಮೀಟರ್ ಆಳದ ಕಣಿವೆ ಇರುವುದು ಕಂಡಿತು. ಭೂಖಂಡಗಳ ಮೇಲೆ ಗೊತ್ತಿರುವ ಅತಿ ಆಳದ ಕಣಿವೆ ಅದು.

1972ರಲ್ಲಿ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ ಮೇಲೆ ಒಂದೇ ಹಿಮನದಿಯನ್ನು ಮತ್ತೆ ಮತ್ತೆ ನೋಡಲು ಸಾಧ್ಯವಾಯಿತು. ಹಿಮದ ಮೇಲಿನ ಒಂದು ಬಿರುಕು ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿದೆ ಎಂದು ಹೋಲಿಸಿದರೆ ವೇಗ ಸಿಗುತ್ತದೆ. ರೇಡಾರ್ ಉಪಗ್ರಹಗಳಿಗೆ ಮೋಡವೂ ಅಡ್ಡಿಯಲ್ಲ, ಆರು ತಿಂಗಳ ಧ್ರುವದ ಕತ್ತಲೂ ಅಡ್ಡಿಯಲ್ಲ. ಇಸ್ರೊ ಮತ್ತು ನಾಸಾ ಸೇರಿ ಕಟ್ಟಿದ ‘ನಿಸಾರ್’ ಉಪಗ್ರಹದ ಭಾಗಗಳನ್ನು ಜೋಡಿಸಿ ಪರೀಕ್ಷಿಸಿದ್ದು ನಮ್ಮ ಬೆಂಗಳೂರಿನಲ್ಲಿ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಅದು 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬಂದು, ಸೆಂಟಿಮೀಟರ್ ಲೆಕ್ಕದ ಚಲನೆಯನ್ನೂ ಗುರುತಿಸುವಂತೆ ರೂಪಿಸಲಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ಸಂಶೋಧಕರು ಹಿಮಾಲಯದ ಹಿಮನದಿಗಳ ವೇಗ ಮತ್ತು ಇಳಿಜಾರಿನಿಂದ ಅವುಗಳ ದಪ್ಪವನ್ನು ಅಂದಾಜು ಮಾಡುತ್ತಾರೆ. ಎರಡು ಶತಮಾನದ ಹಿಂದೆ ಸರಪಳಿ ಹಾಸಿದ ಊರಿನಲ್ಲೇ ಈಗ ಈ ಕೆಲಸ.

ಹೆಸರಿಡುವ ಅಧಿಕಾರ ಯಾರಿಗೆ?

ಇಡೀ ಅಂಟಾರ್ಕ್ಟಿಕಾಕ್ಕೆ ಒಂದೇ ‘ಹೆಸರು ಕಚೇರಿ’ ಇಲ್ಲ. ಒಂದೊಂದು ದೇಶಕ್ಕೂ ತನ್ನದೇ ಸಮಿತಿ ಅಥವಾ ಪ್ರಾಧಿಕಾರ ಇದೆ. ಅಲ್ಲಿ ಒಪ್ಪಿದ ಹೆಸರುಗಳನ್ನು ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿ 1992ರಿಂದ ಒಂದೇ ಪಟ್ಟಿಗೆ ಸೇರಿಸುತ್ತ ಬಂದಿದೆ. ಪಟ್ಟಿಯಲ್ಲಿ 30 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಜಾಗಗಳು ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಒಂದೇ ಜಾಗಕ್ಕೆ ಎರಡು ಮೂರು ದೇಶದವರು ಬೇರೆ ಬೇರೆ ಹೆಸರಿಟ್ಟಿದ್ದಾರೆ.

ನಿಯಮಗಳು ಶ್ಯಾಕಲ್ಟನ್ ಕಾಲದಂತೆ ಸಡಿಲವಾಗಿಲ್ಲ. ಅಮೆರಿಕದ ಸಮಿತಿಯ ನೀತಿಯಲ್ಲಿ ಗೆಳೆತನಕ್ಕೆ, ಸರಕಿನ ಜಾಹೀರಾತಿಗೆ, ಸಾಕುನಾಯಿಗೆ ಹೆಸರಿಡುವಂತಿಲ್ಲ. ಅಲ್ಲಿ ಕೆಲಸ ಮಾಡಿದವರಿಗೆ ಆದ್ಯತೆ. 1971-72ರಲ್ಲಿ ಅಮೆರಿಕದ ಹಡಗುಗಳಲ್ಲಿ ಹೋಗಿ ಜೀವಿಗಳ ಅಧ್ಯಯನ ನಡೆಸಿದ ಭಾರತೀಯ ಮೂಲದ ವಿಜ್ಞಾನಿ ಸಿನ್ಹಾ ಅವರ ಹೆಸರಿನಲ್ಲಿ ‘ಮೌಂಟ್ ಸಿನ್ಹಾ’ ಎಂಬ ಬೆಟ್ಟ ಇರುವುದು ಹೀಗೆ. 2021ರಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಗೆಟ್ಜ್ ಭಾಗದಲ್ಲಿ ವೇಗವಾಗಿ ಕರಗುತ್ತಿರುವ ಒಂಬತ್ತು ಹಿಮನದಿಗಳಿಗೆ, ಹವಾಮಾನ ಸಭೆಗಳು ನಡೆದ ರಿಯೊ, ಕ್ಯೋಟೊ, ಬಾಲಿ, ಪ್ಯಾರಿಸ್, ಗ್ಲಾಸ್ಗೊ ಮುಂತಾದ ಊರುಗಳ ಹೆಸರಿಟ್ಟರು. ಮಾತುಕತೆ ಎಲ್ಲೆಲ್ಲಿ ಆಯಿತು ಎಂದು ಕರಗುವ ಹಿಮವೇ ನೆನಪಿಸಲಿ ಎನ್ನುವುದು ಉದ್ದೇಶ.

‘ನಮ್ಮೂರಿನ ಹೆಸರನ್ನೂ ಇಡಬಹುದಾ?’ ಎಂದರೆ, ಅಸಾಧ್ಯವೇನಲ್ಲ. ಬಲ್ಗೇರಿಯಾದವರು ತಮ್ಮ ನಾಡಿನ ಪಟ್ಟಣಗಳ ಹೆಸರನ್ನು ಅಲ್ಲಿನ ಎಷ್ಟೋ ಜಾಗಗಳಿಗೆ ಇಟ್ಟಿದ್ದಾರೆ. ಆದರೆ ಆ ಜಾಗಕ್ಕೆ ಮೊದಲೇ ಹೆಸರು ಇರಬಾರದು, ದೇಶದ ಪ್ರಾಧಿಕಾರದ ಮೂಲಕ ಪ್ರಸ್ತಾಪ ಹೋಗಬೇಕು. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ‘ನಿಮ್ಮ ಪ್ರೀತಿಪಾತ್ರರ ಹೆಸರಿನ ಹಿಮನದಿ’ ಎಂದು ಪಡೆಯುವ ಯಾವ ಸರ್ಟಿಫಿಕೇಟಿಗೂ ಈ ಪಟ್ಟಿಯಲ್ಲಿ ಜಾಗವಿಲ್ಲ. ಅಂಥ ಲಿಂಕಿಗೆ ಯುಪಿಐ ಪಿನ್ ಒತ್ತಬೇಡಿ.

ಹೆಸರಿಟ್ಟರೆ ಜಾಗ ನಮ್ಮದಾಗುತ್ತದೆಯೇ? ಇಲ್ಲ. 1959ರಲ್ಲಿ ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ್ ಒಪ್ಪಂದದ ನಾಲ್ಕನೇ ವಿಧಿಯ ಪ್ರಕಾರ ಒಪ್ಪಂದ ಇರುವವರೆಗೆ ಯಾರೂ ಹೊಸದಾಗಿ ಹಕ್ಕು ಸಾಧಿಸುವಂತಿಲ್ಲ. ಭಾರತ 1983ರಲ್ಲಿ ಈ ಒಪ್ಪಂದ ಸೇರಿತು.

‘ಪ್ರಳಯದ ಹಿಮನದಿ’ ಅಧಿಕೃತ ಹೆಸರಲ್ಲ

ಈ ಹಿಮನದಿಯ ನಿಜ ಹೆಸರು ಥ್ವೇಟ್ಸ್. ಅಮೆರಿಕದ ಭೂವಿಜ್ಞಾನಿಯೊಬ್ಬರ ಹೆಸರು ಅದು. ‘ಡೂಮ್ಸ್‌ಡೇ’ ಎಂಬ ಅಡ್ಡಹೆಸರು ಹರಡಿದ್ದು 2017ರಲ್ಲಿ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಬಂದ ಲೇಖನದಿಂದ. ಅಧಿಕೃತ ಪಟ್ಟಿಯಲ್ಲಿ ಆ ಹೆಸರಿಲ್ಲ, ಆದರೆ ವಾಟ್ಸಾಪಿನಲ್ಲಿ ಓಡುವುದು ಅದೇ.

ಹಾಗೆಂದು ಚಿಂತೆ ಸುಳ್ಳಲ್ಲ. ಥ್ವೇಟ್ಸ್ ಹಿಮನದಿಯ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್, ಹೆಚ್ಚೂಕಡಿಮೆ ನಮ್ಮ ಇಡೀ ಕರ್ನಾಟಕದಷ್ಟು. ಅದು ಪೂರ್ತಿ ಸಮುದ್ರ ಸೇರಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 65 ಸೆಂಟಿಮೀಟರ್ ಏರುತ್ತದೆ. ಅದು ನಾಳೆ ಬೆಳಿಗ್ಗೆ ನಡೆಯುವ ಸಂಗತಿಯಲ್ಲ. ದಶಕಗಳಿಂದ ಶತಮಾನಗಳ ಲೆಕ್ಕ. ‘ಕೆಲವೇ ದಿನ’ ಎಂದು ಹೆದರಿಸುವ ಮೆಸೇಜಿಗೆ ಎರಡು ಕೇಡಿದೆ. ಮೊದಲು ಜನ ಹೆದರುತ್ತಾರೆ, ಆ ದಿನ ದಾಟಿದ ಮೇಲೆ ‘ಎಲ್ಲ ಬರೀ ಬುರುಡೆ’ ಎಂದು ನಿಜವಾದ ಅಪಾಯವನ್ನೂ ತಳ್ಳಿಹಾಕುತ್ತಾರೆ.

ಮಂಡ್ಯದ ಗದ್ದೆಗೆ ಇದರಿಂದ ಏನು?

ನೇರ ಉತ್ತರ: ಕಾವೇರಿಗೆ ಹಿಮನದಿಯ ನೀರು ಒಂದು ಹನಿಯೂ ಬರುವುದಿಲ್ಲ. ಅದು ಮಳೆಯ ನದಿ. ಕೃಷ್ಣರಾಜಸಾಗರ ತುಂಬುವುದು ಕೊಡಗು ಮತ್ತು ಪಶ್ಚಿಮಘಟ್ಟದ ಮಳೆಗೆ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಹಿಡಿದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗೆ. ‘ಹಿಮ ಕರಗಿ ಕಾವೇರಿ ಉಕ್ಕುತ್ತಿದೆ’ ಎಂದು ಬಂದರೆ ಅಲ್ಲೇ ನಿಲ್ಲಿಸಿ. ಹಿಮ ಕರಗುವುದರ ಬಿಸಿ ಮೊದಲು ತಟ್ಟುವುದು ಸಮುದ್ರಮಟ್ಟಕ್ಕೆ, ನಮ್ಮ ರಾಜ್ಯದಲ್ಲಿ ಮಂಗಳೂರಿನಿಂದ ಕಾರವಾರದವರೆಗಿನ ಕರಾವಳಿಗೆ.

ಆದರೆ ಕಿರುಗಾವಲಿನಿಂದ ಕಲಿಯುವ ಒಂದು ಪಾಠ ಇದೆ. ನೂರಾರು ದೇಸಿ ಭತ್ತದ ತಳಿಗಳನ್ನು ಹೆಸರು ಸಮೇತ ಬೆಳೆದು ಕಾಪಾಡಿಕೊಂಡು ಬಂದಿರುವ ಊರು ಅದು. ತಳಿಗೆ ಹೆಸರಿದ್ದರೆ ಅದರ ಎತ್ತರ, ಕಾಳಿನ ಬಣ್ಣ, ಎಷ್ಟು ತಿಂಗಳ ಬೆಳೆ ಎಂದು ಪ್ರತಿ ವರ್ಷ ಬರೆದಿಡಬಹುದು. ಹೆಸರಿಲ್ಲದೆ ಬೆರೆತುಹೋದ ತಳಿ ಕಳೆದುಹೋದರೆ, ಕಳೆದುಹೋಯಿತು ಎಂಬುದೂ ಗೊತ್ತಾಗುವುದಿಲ್ಲ. ಹಿಮನದಿಗೂ ಇದೇ ಮಾತು. ಸೆರ್ಮೆಕ್ ಕುಯಲ್ಲೆಕ್‌ನ ತುದಿ ಎಲ್ಲಿತ್ತು ಎಂದು 19ನೇ ಶತಮಾನದ ನಡುವಿನಿಂದ ನಕ್ಷೆಯಲ್ಲಿ ಗುರುತಿಟ್ಟಿದ್ದರಿಂದಲೇ ಅದು ಸುಮಾರು 40 ಕಿಲೋಮೀಟರ್ ಹಿಂದೆ ಸರಿದಿದೆ ಎಂದು ಇವತ್ತು ಹೇಳಬಹುದು.

ಹೆಸರು ಕಳೆದುಕೊಂಡ ಹಿಮನದಿಯೂ ಇದೆ. ಐಸ್‌ಲ್ಯಾಂಡಿನ ಭಾಷೆಯಲ್ಲಿ ಯೋಕುಲ್ ಎಂದರೆ ಹಿಮನದಿ. ‘ಓಕ್‌ಯೋಕುಲ್’ ಕರಗಿ ಕರಗಿ ತೆಳುವಾಗಿ ಹರಿಯುವುದನ್ನೇ ನಿಲ್ಲಿಸಿತು. 2014ರಲ್ಲಿ ಅದು ಹಿಮನದಿಯಲ್ಲ ಎಂದು ತಜ್ಞರು ತೀರ್ಮಾನಿಸಿದರು. ಯೋಕುಲ್ ಹೋಗಿ ಬರೀ ‘ಓಕ್’ ಉಳಿಯಿತು. 2019ರ ಆಗಸ್ಟಿನಲ್ಲಿ ಅಲ್ಲಿ ನೆನಪಿನ ಫಲಕ ನೆಟ್ಟರು.

ಮತ್ತೆ ಮತ್ತೆ ಬರುವ ಫಾರ್ವರ್ಡ್‌ಗಳು

‘1513ರ ನಕ್ಷೆಯಲ್ಲಿ ಹಿಮವಿಲ್ಲದ ಅಂಟಾರ್ಕ್ಟಿಕಾ ಇದೆ.’ ಸುಳ್ಳು. ಇದು ತುರ್ಕಿಯ ನೌಕಾಧಿಕಾರಿ ಪಿರಿ ರೈಸ್ ಬರೆದ ನಕ್ಷೆ. ಕೆಳಗೆ ಬಾಗಿರುವ ಗೆರೆ ದಕ್ಷಿಣ ಅಮೆರಿಕದ ಕರಾವಳಿ, ಅಥವಾ ಆ ಕಾಲದವರು ಊಹಿಸಿದ ದಕ್ಷಿಣದ ನಾಡು. ಆ ಭಾಗ ತುಂಬ ಬಿಸಿ, ಅಲ್ಲಿ ದೊಡ್ಡ ಹಾವುಗಳಿವೆ ಎಂದು ನಕ್ಷೆಯಲ್ಲೇ ಟಿಪ್ಪಣಿ ಇದೆ! ಅಂಟಾರ್ಕ್ಟಿಕಾ ಹಿಮ ಹೊದ್ದು ಸುಮಾರು 3.4 ಕೋಟಿ ವರ್ಷವಾಯಿತು.

‘ಅಂಟಾರ್ಕ್ಟಿಕಾಕ್ಕೆ ಯಾರನ್ನೂ ಬಿಡುವುದಿಲ್ಲ.’ ಸುಳ್ಳು. ಈಚೆಗೆ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಹೋಗುತ್ತಿದ್ದಾರೆ. ಸಂರಕ್ಷಿತ ಜಾಗಗಳಿಗೆ ಪ್ರತ್ಯೇಕ ಅನುಮತಿ ಬೇಕು.

‘ಎ-23ಎ ಎಂಬುದು ರಹಸ್ಯ ಸಂಕೇತ.’ ಸುಳ್ಳು. ತೇಲುವ ದೊಡ್ಡ ಹಿಮಗಡ್ಡೆಗಳಿಗೆ ಕೊಡುವ ಸಂಖ್ಯೆ ಅದು. ಅಂಟಾರ್ಕ್ಟಿಕಾವನ್ನು ನಾಲ್ಕು ಭಾಗ ಮಾಡಿ ಎ, ಬಿ, ಸಿ, ಡಿ ಎನ್ನುತ್ತಾರೆ. ‘ಎ’ ಭಾಗದಲ್ಲಿ ಎಣಿಸಿದ 23ನೆಯದರಿಂದ ಒಡೆದ ತುಂಡು ಎಂದಷ್ಟೇ ಅರ್ಥ. 1986ರಲ್ಲಿ ಕಳಚಿಕೊಂಡ ಗಡ್ಡೆ ಅದು.

‘ತೇಲುವ ಗಡ್ಡೆ ಕರಗಿದರೆ ಸಮುದ್ರ ಏರುತ್ತದೆ.’ ಬಹುಪಾಲು ತಪ್ಪು. ಲೋಟದ ನೀರಿನಲ್ಲಿ ಐಸ್ ತುಂಡು ಹಾಕಿ ಗುರುತು ಮಾಡಿಡಿ. ಕರಗಿದ ಮೇಲೂ ಮಟ್ಟ ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಮಟ್ಟ ಏರಿಸುವುದು ನೆಲದ ಮೇಲಿದ್ದ ಹಿಮ ಸಮುದ್ರಕ್ಕೆ ಇಳಿದಾಗ.

ಮುಂದೆ ಕಳಿಸುವ ಮೊದಲು

ಹಿಮನದಿಯ ಬಗ್ಗೆ ಮೆಸೇಜ್ ಬಂದಾಗ ಮೂರು ಪ್ರಶ್ನೆ ಕೇಳಿ. ಹಿಮನದಿಯ ಹೆಸರು ಹೇಳಿದೆಯೇ, ಅಥವಾ ಬರೀ ‘ದೊಡ್ಡ ಹಿಮ’ ಎಂದಿದೆಯೇ? ಯಾವ ವರ್ಷದ ಅಳತೆ ಎಂದಿದೆಯೇ? ಅಳೆದವರು ಯಾರು ಎಂದಿದೆಯೇ? ಮೂರಕ್ಕೂ ಉತ್ತರವಿದ್ದರೆ ಹುಡುಕಿ ತಾಳೆ ನೋಡಬಹುದು. ಒಂದಕ್ಕೂ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.